ಬಣ್ಣದ ರೀಲು, ಮೂರು ಶೀಸೆಗಳು

ಕಳೆದ ತಿಂಗಳಿನ ಸಂಚಿಕೆಯಲ್ಲಿ ಬಣ್ಣದ ಫಿಲ್ಮನ್ನು ಮನೆಯಲ್ಲಿಯೇ ತೊಳೆದುಕೊಳ್ಳುವ ಕ್ರಮವನ್ನು ಕುರಿತು ನಾಲ್ಕು ಮಾತು ಬರೆದಿದ್ದೆವಷ್ಟೆ. ಅದನ್ನು ಓದಿ ತುಮಕೂರಿನ ವಾಚಕರೊಬ್ಬರು ನಮಗೆ ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಅವರು ತರಿಸಿಕೊಂಡ ಒಂದು ಲೀಟರಿನ ಪೊಟ್ಟಣದ ಮೇಲೆ ‘ಎಂಟು ರೀಲುಗಳಿಗೆ’ ಎಂದು ಅಚ್ಚಾಗಿದೆಯಂತೆ. ಅವರ ಮಿತ್ರರೊಬ್ಬರು ಅಷ್ಟರಲ್ಲಿಯೇ ಇಪ್ಪತ್ತು ರೀಲು ತೊಳೆದಿರುವುದಾಗಿ ಹೇಳಿಕೊಳ್ಳುತ್ತಾರೆ. ಇನ್ನೊಬ್ಬರು, ಪ್ರತಿ ರೀಲಿನ ಬಳಿಕ ಸ್ವಲ್ಪ ಹಳೆಯದನ್ನು ಚೆಲ್ಲಿ ಅಷ್ಟೇ ಹೊಸದನ್ನು ಬೆರೆಸುತ್ತ ಹೋದರೆ ಆ ಶೀಸೆಯು ದ್ರೌಪದಿಯ ಅಕ್ಷಯಪಾತ್ರೆಯಂತೆ ಎಂದಿಗೂ ಬರಿದಾಗದೆಂದು ಸಾಧಿಸುತ್ತಾರೆ. “ಇವರಲ್ಲಿ ಯಾರ ಮಾತನ್ನು ನಂಬೋಣ?” ಎಂಬುದು ವಾಚಕರ ಪ್ರಶ್ನೆ.

ಎಲ್ಲರ ಮಾತಿನಲ್ಲಿಯೂ ಸ್ವಲ್ಪ ನಿಜವುಂಟು. ಆದರೆ ಆ ನಿಜಗಳು ಒಂದೇ ಶೀಸೆಗೆ ಸೇರಿದುವಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೆ ಈ ತಿಂಗಳಿನ ಪುಟಗಳನ್ನು ಮೀಸಲಿಟ್ಟಿದ್ದೇವೆ. ನಾವೇ ಒಮ್ಮೆ ಈ ವಿಷಯದಲ್ಲಿ ಅತಿಜಾಣತನಕ್ಕೆ ಹೋಗಿ ಪೆಟ್ಟು ತಿಂದವರಾದುದರಿಂದ, ಹೇಳುವ ಹಕ್ಕು ನಮಗೆ ಸ್ವಲ್ಪ ಇದೆಯೆಂದು ಭಾವಿಸುತ್ತೇವೆ.

ಈ ಪ್ರಶ್ನೆ ಜಿಪುಣತನದ್ದೆಂದು ಯಾರೂ ನಗಬೇಕಾದುದಿಲ್ಲ. ಒಂದು ಕಾಲದಲ್ಲಿ ಪೇಟೆಯ ಬೀದಿಬೀದಿಗಳಲ್ಲಿ ಕಲರ್ ಲ್ಯಾಬುಗಳಿದ್ದುವು; ಬೆಳಿಗ್ಗೆ ಕೊಟ್ಟ ರೀಲು ಸಂಜೆಗೆ ಚಿತ್ರಗಳಾಗಿ ಕೈಸೇರುತ್ತಿತ್ತು. ಆ ಯಂತ್ರಗಳು ಈಗ ಬಹುಮಟ್ಟಿಗೆ ಮೂಲೆ ಸೇರಿವೆ. ಇನ್ನೂ ಫಿಲ್ಮಿನ ಮೇಲೆ ಮೋಹವುಳ್ಳವರು ರೀಲನ್ನು ದೊಡ್ಡ ಊರಿಗೆ ಅಂಚೆಯಲ್ಲಿ ಕಳುಹಿಸಬೇಕು, ಇಲ್ಲವೆ ಬಚ್ಚಲುಮನೆಯನ್ನೇ ಕತ್ತಲಕೋಣೆ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಪುಡಿಗಳೂ ದ್ರಾವಣಗಳೂ ಬಹುತೇಕ ಪರದೇಶದಿಂದ ಬರತಕ್ಕವು, ಅಗ್ಗದವಲ್ಲ. ಸಂಸಾರ ನಡೆಸಿ ಬಲ್ಲವನು ಒಂದು ಲೀಟರಿನಿಂದ ಎಷ್ಟು ಹೊರಡಿಸಬಹುದೆಂದು ಯೋಚಿಸುವುದು ಸಹಜವೇ ಆಗಿದೆ.

ಈ ಕ್ರಮಕ್ಕೆ ಸಿ-೪೧ ಎಂದು ಹೆಸರು. ೧೯೭೨ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯವರು ಇದನ್ನು ಬಳಕೆಗೆ ತಂದರು. ಜಪಾನಿನ ಫ್ಯೂಜಿ ಸಂಸ್ಥೆಯವರು ಸಿಎನ್-೧೬ ಎಂದು ಕರೆಯುವುದೂ ಇದಕ್ಕೆ ಸರಿಹೊಂದುವ ಕ್ರಮವೇ. ಆದುದರಿಂದ ಯಾರ ನೆಗೆಟಿವ್ ಫಿಲ್ಮಾದರೂ ಒಂದೇ ದ್ರಾವಣದಲ್ಲಿ ತೊಳೆಯಬಹುದು. ಡೆವಲಪರಿನ ಶಾಖ ೩೭.೮ ಡಿಗ್ರಿ ಸೆಂಟಿಗ್ರೇಡ್, ಕಾಲ ೩ ನಿಮಿಷ ೧೫ ಸೆಕೆಂಡು. ಮನೆಯ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಮೂರು ಶೀಸೆಗಳಾಗುತ್ತವೆ: ಒಂದನೆಯದು ಡೆವಲಪರ್, ಎರಡನೆಯದು ಬ್ಲೀಚನ್ನೂ ಫಿಕ್ಸರನ್ನೂ ಒಂದುಗೂಡಿಸಿದ ಬ್ಲಿಕ್ಸ್, ಮೂರನೆಯದು ಕಟ್ಟಕಡೆಗೆ ಅದ್ದಿ ತೆಗೆಯುವ ಸ್ಟೆಬಿಲೈಸರ್. ಈ ಮೂರು ಒಡಹುಟ್ಟಿದವುಗಳಂತೆ ಒಂದೇ ಪೆಟ್ಟಿಗೆಯಲ್ಲಿ ಬಂದರೂ ಅವುಗಳ ಸ್ವಭಾವ ಒಂದೇ ಅಲ್ಲ. ಜನರು ಎಡವುವುದು ಇಲ್ಲಿಯೇ. ಮೂರಕ್ಕೂ ಒಂದೇ ಲೆಕ್ಕ ಹಿಡಿಯುತ್ತಾರೆ.

ಮೊದಲು ಡೆವಲಪರನ್ನು ನೋಡೋಣ. ಬಣ್ಣದ ಫಿಲ್ಮಿನಲ್ಲಿ ಒಂದರ ಕೆಳಗೊಂದು ಮುಖ್ಯವಾಗಿ ಮೂರು ಪದರಗಳಿರುತ್ತವೆ. ಮೇಲಿನದು ನೀಲಿ ಬೆಳಕಿಗೆ, ನಡುವಿನದು ಹಸಿರಿಗೆ, ತಳದ್ದು ಕೆಂಪಿಗೆ ಸ್ಪಂದಿಸತಕ್ಕದ್ದು. ಪ್ರತಿ ಪದರದಲ್ಲಿಯೂ ಬೆಳ್ಳಿಯ ಲವಣವಿದೆ. ಅದರ ಜತೆಗೆ ಬಣ್ಣವಾಗುವುದಕ್ಕೆ ಕಾದಿರುವ ಕಪ್ಲರ್ ಎಂಬ ದ್ರವ್ಯವೂ ಇದೆ. ಡೆವಲಪರಿನಲ್ಲಿ ಸಿಡಿ-೪ ಎಂಬ ಸಾರವಸ್ತು ಲೀಟರಿಗೆ ಸುಮಾರು ನಾಲ್ಕೂವರೆ ಗ್ರಾಮಿನಷ್ಟಿರುತ್ತದೆ. ಬೆಳಕು ತಾಗಿದ ಲವಣವನ್ನು ಇದು ಬೆಳ್ಳಿಯಾಗಿ ಮಾಡಿ, ಆ ಕೆಲಸದಲ್ಲಿ ತಾನು ಮಾರ್ಪಟ್ಟು, ಪಕ್ಕದಲ್ಲಿರುವ ಕಪ್ಲರಿನೊಡನೆ ಕೂಡಿ ಬಣ್ಣವಾಗಿ ನಿಲ್ಲುತ್ತದೆ. ಹೀಗೆ ಬಣ್ಣ ಹುಟ್ಟಿಸಬಹುದೆಂದು ಜರ್ಮನಿಯ ರುಡಾಲ್ಫ್ ಫಿಷರ್ ಎಂಬ ರಸಾಯನಜ್ಞನು ೧೯೧೨ರ ಸುಮಾರಿಗೇ ಕಂಡುಕೊಂಡಿದ್ದನು. ಎಂದರೆ, ಮದುವೆಯ ಚಿತ್ರದಲ್ಲಿ ನಾವು ನೋಡಿ ಸಂತೋಷಪಡುವ ಬಣ್ಣದ ಒಂದು ಪಾಲು ಈ ಶೀಸೆಯಿಂದಲೇ ಹೋದದ್ದು. ಸಾಬೂನು ಕೊಳೆಯನ್ನು ತೆಗೆದು ನೀರಿನೊಡನೆ ಹೋಗಿಬಿಡುತ್ತದೆ. ಡೆವಲಪರ್ ಹಾಗಲ್ಲ, ಅರಿಸಿನದಂತೆ ಬಟ್ಟೆಯಲ್ಲಿಯೇ ಉಳಿಯುವ ವಸ್ತು. ತೆಗೆದಷ್ಟೂ ಕಡಮೆಯಾಗಲೇಬೇಕು.

ಕಡಮೆಯಾಗುವುದೊಂದೇ ಆಗಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಲವಣವು ಬೆಳ್ಳಿಯಾಗುವಾಗ ಅದರಲ್ಲಿದ್ದ ಬ್ರೋಮೈಡ್ ಬಿಡುಗಡೆಯಾಗಿ ದ್ರಾವಣಕ್ಕೆ ಸೇರುತ್ತದೆ. ಈ ಬ್ರೋಮೈಡಿಗೆ ಡೆವಲಪರಿನ ಕೈಯನ್ನು ಹಿಡಿದೆಳೆಯುವ ಗುಣವಿದೆ. ತಯಾರಕರೇ ಅದನ್ನು ಲೀಟರಿಗೆ ಒಂದೂಕಾಲು, ಒಂದೂವರೆ ಗ್ರಾಮಿನಷ್ಟು ಬೇಕೆಂದು ಹಾಕಿರುತ್ತಾರೆ, ಹದ ತಪ್ಪಬಾರದೆಂದು. ಅದರ ಮೇಲೆ ಪ್ರತಿ ರೀಲೂ ತನ್ನ ಪಾಲನ್ನು ಕೂಡಿಸುತ್ತದೆ. ನಮ್ಮ ವಾಚಕ ಗೃಹಿಣಿಯರಿಗೆ ಒಪ್ಪುವಂತೆ ಹೇಳುವುದಾದರೆ, ಒಂದು ಪಾತ್ರೆ ಹುಳಿಯನ್ನು ನೆನೆಯಿರಿ. ಪ್ರತಿ ಪಂಕ್ತಿಗೆ ಬಡಿಸಿದಾಗಲೂ ಅದರ ಬೇಳೆ ತೆಳ್ಳಗಾಗುತ್ತದೆ. ಅಷ್ಟೇ ಅಲ್ಲ, ಯಾರೋ ಕಾಣದ ಕೈ ಪ್ರತಿ ಸಲವೂ ಒಂದು ಚಿಟಿಕೆ ಉಪ್ಪನ್ನು ಅದಕ್ಕೆ ಹಾಕಿ ಹೋಗುತ್ತದೆ. ನಾಲ್ಕನೆಯ ಪಂಕ್ತಿಯವರು ಉಣ್ಣುವುದು ಮೊದಲನೆಯ ಪಂಕ್ತಿಯವರು ಉಂಡ ಹುಳಿಯನ್ನಲ್ಲ.

ಇದಕ್ಕೆ ಪರಿಹಾರವಾಗಿ ಪೊಟ್ಟಣದವರು ಕಾಲವನ್ನು ಹೆಚ್ಚಿಸಲು ಹೇಳುತ್ತಾರೆ. ಕೆಲವು ಪೊಟ್ಟಣಗಳಲ್ಲಿರುವ ಸೂಚನೆ ಹೀಗಿದೆ: ಒಂದೊಂದು ರೀಲಿಗೆ ನೂರಕ್ಕೆ ಎರಡರಂತೆ ಕಾಲವನ್ನು ಕೂಡಿಸುವುದು. ೩ ನಿಮಿಷ ೧೫ ಸೆಕೆಂಡಿಗೆ ಅದು ಸುಮಾರು ೪ ಸೆಕೆಂಡಾಗುತ್ತದೆ. ಎಂಟನೆಯ ರೀಲಿಗೆ ೩ ನಿಮಿಷ ೪೩ ಸೆಕೆಂಡು. ರೀಲೆಂದರೆ ಇಲ್ಲಿ ೩೬ ಚಿತ್ರಗಳ ೩೫ ಮಿಲಿಮೀಟರ್ ಫಿಲ್ಮು, ಎಂದರೆ ಸುಮಾರು ೮೦ ಚದರ ಅಂಗುಲ. ಅಗಲವಾದ ೧೨೦ರ ರೀಲೂ ಹೆಚ್ಚುಕಡಮೆ ಅಷ್ಟೇ. ೨೪ ಚಿತ್ರಗಳದ್ದು ಮೂರರಲ್ಲಿ ಎರಡು ಪಾಲು. ಲೆಕ್ಕವಿಡುವವರು ರೀಲಿನ ಸಂಖ್ಯೆಗಿಂತ ಈ ವಿಸ್ತಾರವನ್ನು ಬರೆದಿಟ್ಟರೆ ಮೇಲು.

ಕಪ್ಪುಬಿಳುಪಿನ ಫಿಲ್ಮಿನಲ್ಲಿ ಕಾಲ ಹೆಚ್ಚಿಸುವ ಈ ಉಪಾಯ ಬಹಳ ದೂರ ಸಾಗುತ್ತದೆ. ಅಲ್ಲಿ ಇರುವುದು ಒಂದೇ ಚಿತ್ರ. ತೆಳುವಾದರೆ ಇನ್ನಷ್ಟು ಹೊತ್ತು ಬಿಟ್ಟರಾಯಿತು. ಬಣ್ಣದಲ್ಲಿ ಮೂರು ಚಿತ್ರಗಳು ಒಂದರ ಮೇಲೊಂದು ಕುಳಿತಿವೆ, ಮೂರೂ ಒಂದೇ ಪ್ರಮಾಣದಲ್ಲಿ ಸೊರಗುವುದಿಲ್ಲ. ತಳದ ಪದರಕ್ಕೆ ದ್ರಾವಣ ಇಳಿಯುವುದೇ ತಡವಾಗಿ. ಬ್ರೋಮೈಡ್ ಹೊರಬರುವುದೂ ತಡವಾಗಿ. ಕಾಲ ಹೆಚ್ಚಿಸಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಹದ ಮೀರುತ್ತದೆ. ಎಂಟರವರೆಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಾಗದು, ಆಮೇಲೆ ಆಗುತ್ತದೆ.

ನಮಗೆ ಪೆಟ್ಟು ಬಿದ್ದುದು ಇಲ್ಲಿ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಕಡೆ ಇದ್ದ ನಮ್ಮ ದೊಡ್ಡಮ್ಮನವರನ್ನು ನೋಡಲು ಹೋಗಿದ್ದೆವು. ಬೇಸಗೆಯ ಹಪ್ಪಳದ ಕಾಲ. ಸುಣ್ಣ ಬಳಿದ ಗೋಡೆಯ ಮುಂದೆ, ಜಗಲಿಯ ಮೇಲೆ, ಮಣೆ ಹಾಕಿಕೊಂಡು ಕುಳಿತು ಅವರು ಹಪ್ಪಳ ಒತ್ತುತ್ತಿದ್ದರು. ಅರಿಸಿನದ ಬಣ್ಣಕ್ಕೆ ಕೆಂಪಂಚಿನ ಸೀರೆ. ಒಂದು ರೀಲು ಪೂರ್ತಿ ಅವರದೇ ತೆಗೆದೆವು. ಮನೆಗೆ ಬಂದು ನೋಡಿದರೆ ನಮ್ಮ ಡೆವಲಪರಿನಲ್ಲಿ ಆಗಲೇ ಹನ್ನೊಂದು ರೀಲು ತೊಳೆದಾಗಿತ್ತು, ಕಲಸಿ ಎರಡು ತಿಂಗಳ ಮೇಲಾಗಿತ್ತು, ಶೀಸೆಯೂ ತುಂಬಿರಲಿಲ್ಲ. ಹೊಸ ಪೊಟ್ಟಣ ಬೀರುವಿನಲ್ಲಿಯೇ ಇತ್ತು. ಹನ್ನೊಂದನೆಯದು ಸುಮಾರಾಗಿ ಬಂದಿತ್ತಲ್ಲ, ಹನ್ನೆರಡನೆಯದೂ ಬಂದೀತು ಎಂದುಕೊಂಡೆವು. ಲೆಕ್ಕದಂತೆ ಕಾಲವನ್ನು ನಾಲ್ಕು ನಿಮಿಷದ ಹತ್ತಿರಕ್ಕೆ ಏರಿಸಿದೆವು.

ನೆಗೆಟಿವ್ ತೆಳ್ಳಗೆ ಬಂದಿತು. ಸ್ಕ್ಯಾನರಿಗೆ ಹಾಕಿ ನೋಡಿದಾಗ ಸುಣ್ಣದ ಗೋಡೆ ಹಸಿರುನೀಲಿಗೆ ತಿರುಗಿತ್ತು. ಸೂರಿನ ಕೆಳಗಿನ ನೆರಳು ಕೆಂಪಾಗಿತ್ತು. ಗೋಡೆಯನ್ನು ಬೆಳ್ಳಗೆ ಮಾಡಲು ಹೋದರೆ ನೆರಳು ಇನ್ನೂ ಕೆಂಪಾಗುವುದು. ನೆರಳನ್ನು ತಿದ್ದಿದರೆ ಗೋಡೆ ಪಾಚಿಗಟ್ಟುವುದು. ನಡುವೆ ಸಿಕ್ಕಿದ ಸೀರೆ ಯಾವ ಬಣ್ಣವೆಂದು ಹೇಳುವಂತಿರಲಿಲ್ಲ. ದೊಡ್ಡಮ್ಮನವರ ಮಗಳು, ನಮ್ಮ ಅಕ್ಕ, ಬಂದಿದ್ದಾಗ ತೋರಿಸಿ, “ಆ ದಿನದ ಸೀರೆಯ ಬಣ್ಣ ಸರಿಯಾಗಿ ಯಾವುದು, ಅಕ್ಕ?” ಎಂದು ವಿಚಾರಿಸಿದೆವು. ಆಕೆ, “ಎದುರಿಗೆ ನಿಂತು ತೆಗೆದವನು ನೀನು, ನನ್ನನ್ನು ಕೇಳುತ್ತೀಯಲ್ಲೋ!” ಎಂದಳು. ಆ ಮಾಘದಲ್ಲಿ ದೊಡ್ಡಮ್ಮನವರು ತೀರಿಹೋದರು. ಕೊನೆಗೆ ಬಣ್ಣವನ್ನೆಲ್ಲ ತೆಗೆದುಹಾಕಿ ಒಂದು ಚಿತ್ರವನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿದೆವು. ಅದೇ ಅವರ ಮನೆಯ ನಡುಮನೆಯಲ್ಲಿದೆ. ನೋಡಿದವರು ಚೆನ್ನಾಗಿದೆಯೆನ್ನುತ್ತಾರೆ. ಉಳಿಸಿದ್ದು ಒಂದು ಲೋಟದಷ್ಟು ದ್ರಾವಣ.

ಇನ್ನು ಅಕ್ಷಯಪಾತ್ರೆಯ ವಿಷಯ. ಬಳಸಿದ ದ್ರಾವಣಕ್ಕೆ ಪೂರಕವನ್ನು ಸೇರಿಸುತ್ತ ಬಹುಕಾಲ ನಡೆಸುವುದು ಸುಳ್ಳಲ್ಲ. ಕಲರ್ ಲ್ಯಾಬುಗಳೆಲ್ಲ ನಡೆದದ್ದೇ ಹಾಗೆ. ಕಪ್ಪುಬಿಳುಪಿನಲ್ಲಿ ಮನೆಯವರಿಗೂ ಇದು ಹಳೆಯ ಅಭ್ಯಾಸ. ೧೯೨೭ರಲ್ಲಿ ಬಂದ ಕೊಡಕ್ ಡಿ-೭೬ ಎಂಬ ಡೆವಲಪರಿಗೆ ಡಿ-೭೬ಆರ್ ಎಂಬ ಪೂರಕವನ್ನು ರೀಲಿಗೆ ೩೦ ಮಿಲಿಲೀಟರಿನಂತೆ ಹಾಕುವುದು ಕ್ರಮ. ಎಕ್ಸ್‌ಟಾಲ್ ಎಂಬ ಇನ್ನೊಂದಕ್ಕೆ ಅದನ್ನೇ ರೀಲಿಗೆ ೭೦ ಮಿಲಿಲೀಟರಿನಂತೆ ಸೇರಿಸಿದರೆ ಸಾಕು. ಬೇರೆ ಪೂರಕವೇ ಬೇಡ.

ಬಣ್ಣದ ಪೂರಕದ ಗುಟ್ಟು ಅದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದರಲ್ಲಿದೆ. ಅದರಲ್ಲಿ ಸಿಡಿ-೪ ಹೆಚ್ಚು, ಕ್ಷಾರವೂ ಸ್ವಲ್ಪ ಹೆಚ್ಚು. ಬ್ರೋಮೈಡ್ ಮಾತ್ರ ತೀರ ಕಡಮೆ. ಉಪ್ಪಿಲ್ಲದ ಗಟ್ಟಿ ಹುಳಿಯನ್ನು ಉಪ್ಪೇರಿದ ತೆಳು ಹುಳಿಗೆ ಬೆರೆಸಿ ಹದಕ್ಕೆ ತರುವಂತೆ. ಅದಕ್ಕಾಗಿಯೇ ಪೂರಕವನ್ನು ಮೊದಲ ಸಲ ಟ್ಯಾಂಕಿಗೆ ತುಂಬುವಾಗ ‘ಸ್ಟಾರ್ಟರ್’ ಎಂಬ ಇನ್ನೊಂದು ದ್ರಾವಣವನ್ನು ಬೆರೆಸಬೇಕಾಗುತ್ತದೆ. ಆಗಲೇ ರೀಲುಗಳನ್ನು ತೊಳೆದಂತಹ ಬ್ರೋಮೈಡನ್ನು ಅದು ಒದಗಿಸುತ್ತದೆ. ಹೊಸ ಕಾವಲಿಯನ್ನು ಎಣ್ಣೆ ಸವರಿ ಪಳಗಿಸಿ ಆಮೇಲೆ ದೋಸೆ ಹುಯ್ಯುವುದಿಲ್ಲವೆ, ಹಾಗೆ.

ತುಮಕೂರಿನ ವಾಚಕರ ಎರಡನೆಯ ಮಿತ್ರರು ಮಾಡುತ್ತಿರುವುದು ಇದಲ್ಲ. ಅವರು ಬೆರೆಸುವುದು ಪೂರಕವನ್ನಲ್ಲ, ಪೊಟ್ಟಣದಿಂದ ಕಲಸಿದ ಅದೇ ಹೊಸ ಡೆವಲಪರನ್ನು. ಇದರಲ್ಲಿ ಉಪ್ಪು ಆಗಲೇ ಹದಕ್ಕೆ ಬಿದ್ದಿದೆ. ಇದರ ಫಲವೇನೆಂದು ನಾವು ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಒಂದು ಲೀಟರಿಗೆ ಎಂಟು ರೀಲೆಂದರೆ ರೀಲಿಗೆ ೧೨೫ ಮಿಲಿಲೀಟರು. ಪ್ರತಿ ರೀಲಿನ ಬಳಿಕ ಅಷ್ಟನ್ನು ಚೆಲ್ಲಿ ಅಷ್ಟೇ ಹೊಸದನ್ನು ಹಾಕುತ್ತ ಬಂದರೆ, ಹೆಚ್ಚಾದ ಬ್ರೋಮೈಡ್ ನಿಧಾನವಾಗಿ ಏರಿ, ಮೂವತ್ತು ರೀಲು ಕಳೆಯುವ ಹೊತ್ತಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ಯಾವುದು? ಪೂರಕವೇ ಇಲ್ಲದೆ ಏಳು ರೀಲು ತೊಳೆದ ದ್ರಾವಣದ ಮಟ್ಟ. ಎಂದರೆ ಅಂದಿನಿಂದ ಅವರು ತೊಳೆಯುವ ಪ್ರತಿಯೊಂದು ರೀಲೂ ಎಂಟನೆಯ ರೀಲೇ. ಖರ್ಚಾದ ದ್ರಾವಣವಾದರೋ ರೀಲಿಗೆ ಅದೇ ೧೨೫ ಮಿಲಿಲೀಟರು! ಉಳಿತಾಯ ಕಾಸಿನಷ್ಟೂ ಇಲ್ಲ. ಇನ್ನೂ ಕೈ ಬಿಗಿಹಿಡಿದು ೫೦ ಮಿಲಿಲೀಟರಿನಂತೆ ಮಾತ್ರ ಬದಲಾಯಿಸಿದರೆ ಎಂದೆಂದಿಗೂ ಇಪ್ಪತ್ತನೆಯ ರೀಲನ್ನೇ ತೊಳೆಯುತ್ತಿರುತ್ತಾರೆ. ಲಾಭ ಒಂದುಂಟು, ಅದನ್ನು ಅಲ್ಲಗಳೆಯಬಾರದು: ಮಟ್ಟ ನಿಂತ ಮೇಲೆ ಎಲ್ಲ ರೀಲುಗಳೂ ಒಂದೇ ಸಮನಾಗಿ ಬರುತ್ತವೆ, ಕಾಲವನ್ನು ಸಲಸಲಕ್ಕೂ ಏರಿಸಬೇಕಾದುದಿಲ್ಲ. ಸಮನಾಗಿ ಚೆನ್ನಾಗಿರುವುದೂ ಸಮನಾಗಿ ಸುಮಾರಾಗಿರುವುದೂ ಬೇರೆಬೇರೆ ಎಂಬುದನ್ನು ಮಾತ್ರ ಮರೆಯಬಾರದು.

ನಿಜವಾದ ಪೂರಕವನ್ನೇ ಕೊಂಡು ಲ್ಯಾಬಿನವರಂತೆ ನಡೆಸಬಾರದೇಕೆ ಎಂದು ಕೇಳಬಹುದು. ಲ್ಯಾಬಿನಲ್ಲಿ ದಿನವೂ ರೀಲುಗಳು ಹೋಗುತ್ತಿದ್ದುವು. ಗಾಳಿ ತಿನ್ನುವುದಕ್ಕಿಂತ ಮೊದಲು ಫಿಲ್ಮು ತಿಂದು, ಪೂರಕ ಬಂದು ಸೇರುತ್ತಿತ್ತು. ಅಷ್ಟಾದರೂ ಅವರು ಸಂಸ್ಥೆಯವರೇ ಅಳತೆಯ ಬೆಳಕು ಕೊಟ್ಟು ಕಳುಹಿಸಿದ ಪರೀಕ್ಷೆಯ ಪಟ್ಟಿಗಳನ್ನು ಅದರಲ್ಲಿ ತೊಳೆದು, ಸಾಂದ್ರತೆ ಅಳೆಯುವ ಯಂತ್ರದಲ್ಲಿ ನೋಡಿ, ಏರುಪೇರನ್ನು ತಿದ್ದಿಕೊಳ್ಳುತ್ತಿದ್ದರು. ಡೆವಲಪರಿನ ಶಾಖವನ್ನು ಒಂದು ಡಿಗ್ರಿಯ ಏಳರಲ್ಲೊಂದು ಪಾಲಿನಷ್ಟೂ ಅತ್ತಿತ್ತ ಹೋಗಗೊಡುತ್ತಿರಲಿಲ್ಲ. ತಿಂಗಳಿಗೆ ಎರಡು ರೀಲು ತೊಳೆಯುವ ಮನೆಯಲ್ಲಿ ಗಾಳಿಯೇ ದೊಡ್ಡ ಗಿರಾಕಿ. ಫಿಲ್ಮು ಮುಟ್ಟದಿದ್ದರೂ ಆಮ್ಲಜನಕವು ಸಿಡಿ-೪ನ್ನು ಕೆಡಿಸುತ್ತಿರುತ್ತದೆ. ಅದನ್ನು ಕಾಯುವುದಕ್ಕೆಂದು ಹಾಕಿದ ಸಲ್ಫೈಟೂ ಕ್ರಮೇಣ ಮುಗಿಯುತ್ತದೆ. ಎಷ್ಟು ಕೆಟ್ಟಿದೆಯೆಂದು ತಿಳಿಯದೆ ಎಷ್ಟು ಪೂರೈಸಬೇಕೆಂದು ತಿಳಿಯುವುದು ಹೇಗೆ? ವಾರಕ್ಕೆ ನಾಲ್ಕೈದು ರೀಲಾದರೂ ತಪ್ಪದೆ ತೊಳೆಯುವವರು ಪೂರಕದ ತಂಟೆಗೆ ಹೋಗಬಹುದು. ಹೋದರೆ, ತಯಾರಕರ ಪತ್ರಿಕೆಯಲ್ಲಿ ಫಿಲ್ಮಿನ ವೇಗಕ್ಕೂ ಉದ್ದಕ್ಕೂ ತಕ್ಕಂತೆ ಕೊಟ್ಟಿರುವ ಪ್ರಮಾಣವನ್ನೇ ಹಿಡಿಯಬೇಕು. ಕ್ರಮವೂ ಒಂದಿದೆ: ಮೊದಲು ಖಾಲಿ ಶೀಸೆಗೆ ಪೂರಕವನ್ನು ಅಳೆದು ಹಾಕಿ, ಅದರ ಮೇಲೆ ಬಳಸಿದ ದ್ರಾವಣವನ್ನು ಕಂಠದವರೆಗೆ ತುಂಬಿ, ಮಿಕ್ಕಿದ್ದನ್ನು ಚೆಲ್ಲುವುದು. ಹಿಂದುಮುಂದು ಮಾಡಿದರೆ ಅಳತೆ ತಪ್ಪುತ್ತದೆ.

ಮಿಕ್ಕ ಗೃಹಸ್ಥರಿಗೆ ನಾವು ಹೇಳುವುದು ಇದು. ರೀಲುಗಳನ್ನು ಕೂಡಿಡಿರಿ, ದ್ರಾವಣವನ್ನು ಕೂಡಿಡಬೇಡಿರಿ. ತೆಗೆದ ರೀಲು ತಂಪಾದ ಕಡೆಯಲ್ಲಿ ಕೆಲವು ತಿಂಗಳು ಹಾಳಾಗದೆ ಇರುತ್ತದೆ. ಕಲಸಿದ ಡೆವಲಪರ್ ಇರುವುದಿಲ್ಲ. ಆರೆಂಟು ರೀಲು ಸೇರಿದ ಮೇಲೆ ಪೊಟ್ಟಣ ಒಡೆದು, ಕಲಸಿ, ಒಂದು ವಾರದೊಳಗೆ ಎಲ್ಲವನ್ನೂ ತೊಳೆದು ಮುಗಿಸಿರಿ. ಮುಖ್ಯವಾದ ರೀಲು ಮೊದಲನೆಯದಾಗಿ ಹೋಗಲಿ, ಬೀದಿಯ ಬೆಕ್ಕುನಾಯಿಗಳದ್ದು ಕೊನೆಗೆ. ಪೊಟ್ಟಣ ಪುಡಿಯದಾಗಿರದೆ ದ್ರವದ್ದಾಗಿದ್ದರೆ ಇನ್ನೊಂದು ಅನುಕೂಲವುಂಟು: ಬೇಕಾದಷ್ಟನ್ನೇ ಅಳೆದು ಕಲಸಬಹುದು. ಪುಡಿಯನ್ನು ಪಾಲು ಮಾಡುವಂತಿಲ್ಲ. ಅದರಲ್ಲಿ ಬೆರೆತ ವಸ್ತುಗಳು ಎಲ್ಲ ಕಡೆಯೂ ಸಮನಾಗಿರವು. ಚಿಕ್ಕ ಟ್ಯಾಂಕಿಗೆ ೩೦೦ ಮಿಲಿಲೀಟರು ಹಿಡಿಯುತ್ತದೆ. ಅಷ್ಟನ್ನು ಕಲಸಿ ಒಂದೇ ಮಧ್ಯಾಹ್ನ ಎರಡು ರೀಲು ತೊಳೆದು ಚೆಲ್ಲಿಬಿಟ್ಟರೆ ರೀಲಿಗೆ ೧೫೦ ಮಿಲಿಲೀಟರಾಯಿತು. ಪೊಟ್ಟಣದವರ ೧೨೫ಕ್ಕಿಂತ ಬಹಳ ದೂರವಿಲ್ಲ. ಮೇಲಿನ ಲೆಕ್ಕದ ಪ್ರಕಾರ ಎರಡನೆಯದಕ್ಕೆ ಸುಮಾರು ೧೩ ಸೆಕೆಂಡು ಹೆಚ್ಚಿಗೆ ಕೊಡುವುದು. ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಈ ಪದ್ಧತಿಯೇ.

ಬಣ್ಣ ನೋಡಿ ಡೆವಲಪರಿನ ಆರೋಗ್ಯ ಹೇಳುತ್ತೇವೆನ್ನುವವರೂ ಇದ್ದಾರೆ. ಕಷಾಯದಂತೆ ಕಪ್ಪಗಾದುದು ಕೆಟ್ಟಿದೆಯೆನ್ನುವುದು ಸರಿ. ತಿಳಿಯಾಗಿರುವುದು ಕೆಟ್ಟಿಲ್ಲವೆನ್ನುವುದು ಸರಿಯಲ್ಲ. ಫಿಲ್ಮಿನಿಂದ ಬಿಟ್ಟ ಬಣ್ಣವೂ ಅದಕ್ಕೆ ಸೇರಿ ಕಣ್ಣನ್ನು ಮೋಸಪಡಿಸುತ್ತದೆ. ನಂಬತಕ್ಕ ಉಪಾಯವೆಂದರೆ, ಒಂದು ರೀಲನ್ನು ಪೂರ್ತಿಯಾಗಿ ಒಂದೇ ಬೆಳಕಿನಲ್ಲಿ, ಬಿಳಿ ಪಂಚೆ, ಬೂದುಬಣ್ಣದ ರಟ್ಟು, ಕರಿಯ ಕಂಬಳಿ ಈ ಮೂರನ್ನು ಒಟ್ಟಿಗಿಟ್ಟು ತೆಗೆದು, ತೊಳೆಯದೆಯೇ ತಂಪುಪೆಟ್ಟಿಗೆಯಲ್ಲಿಡುವುದು. ಅನುಮಾನ ಬಂದಾಗಲೆಲ್ಲ ಕತ್ತಲಲ್ಲಿ ಅದರಿಂದ ಒಂದು ಗೇಣು ಕತ್ತರಿಸಿ ತೊಳೆದು, ಹೊಸ ದ್ರಾವಣದಲ್ಲಿ ತೊಳೆದ ತುಂಡಿನ ಪಕ್ಕದಲ್ಲಿ ಬೆಳಕಿಗೆ ಹಿಡಿಯಿರಿ. ಎರಡೂ ಒಂದೇ ಸಮನಾಗಿ ಕಂಡರೆ ಮುಂದುವರಿಯಬಹುದು.

ಎರಡನೆಯ ಶೀಸೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಡೆವಲಪರ್ ಮಾಡಿದ ತಪ್ಪನ್ನು ದೇವರೂ ತಿದ್ದಲಾರ; ಬ್ಲಿಕ್ಸ್ ಮಾಡಿದ ತಪ್ಪನ್ನು ನಾವೇ ತಿದ್ದಬಹುದು. ಅದರ ಕೆಲಸ ಬೇಡವಾದ ಬೆಳ್ಳಿಯನ್ನು ಮತ್ತೆ ಲವಣ ಮಾಡಿ ಕರಗಿಸಿ ತೆಗೆಯುವುದು. ಸೋತುಹೋದ ಬ್ಲಿಕ್ಸ್ ಸ್ವಲ್ಪ ಬೆಳ್ಳಿಯನ್ನು ಉಳಿಸಿಬಿಡುತ್ತದೆ, ಚಿತ್ರ ಮಂಕಾಗಿ, ಮಣ್ಣು ಕದಡಿದಂತೆ ಕಾಣುತ್ತದೆ. ಆಗ ಹೊಸ ಬ್ಲಿಕ್ಸಿನಲ್ಲಿ ಹಗಲು ಬೆಳಕಿನಲ್ಲಿಯೇ ಇನ್ನೊಮ್ಮೆ ಅದ್ದಿದರೆ ಸರಿಹೋಗುತ್ತದೆ. ತಿಂಗಳ ಮೇಲೆ ನೆನಪಾದರೂ ಚಿಂತೆಯಿಲ್ಲ. ಹೆಚ್ಚು ಹೊತ್ತು ಬಿಟ್ಟರೂ, ಮಿತಿಯಲ್ಲಿ, ಕೇಡಿಲ್ಲ. ವಿಚಿತ್ರವೆಂದರೆ ಡೆವಲಪರನ್ನು ಕೊಲ್ಲುವ ಗಾಳಿಯೇ ಬ್ಲೀಚಿಗೆ ಪ್ರಾಣವಾಯು. ಬೆಳ್ಳಿಯೊಡನೆ ಹೋರಾಡಿ ಶಕ್ತಿಗುಂದಿದ ಅದರ ಕಬ್ಬಿಣವು ಗಾಳಿ ಸೇರಿದೊಡನೆ ಮತ್ತೆ ಮೊದಲಿನಂತಾಗುತ್ತದೆ. ಬಿರಡೆ ತೆಗೆದು ಎರಡು ಸಲ ಕುಲುಕಿಟ್ಟರೆ ಚೇತರಿಸಿಕೊಳ್ಳುತ್ತದೆ. ಬ್ಲೀಚೂ ಫಿಕ್ಸರೂ ಬೇರೆಬೇರೆ ಶೀಸೆಗಳಲ್ಲಿರುವ ಪೊಟ್ಟಣ ದೊರೆತರೆ ಅದನ್ನೇ ಕೊಳ್ಳಬೇಕೆಂದು ನಮ್ಮ ಸಲಹೆ. ಒಂದೇ ಶೀಸೆಯಲ್ಲಿ ಅವು ಅತ್ತೆಸೊಸೆಯರಂತೆ ಒಂದನ್ನೊಂದು ಸವೆಸುತ್ತಿರುತ್ತವೆ, ಆದುದರಿಂದ ಬ್ಲಿಕ್ಸಿಗೆ ಬೇರೆ ಬ್ಲೀಚಿನಷ್ಟು ಆಯುಷ್ಯವಿಲ್ಲ. ತೊಳೆಯದ ಫಿಲ್ಮಿನ ಬಾಲದ ತುಂಡೊಂದನ್ನು ಹೊಸ ಬ್ಲಿಕ್ಸಿಗೆ ಹಾಕಿ, ಅದರ ಹಾಲುಮಂಜು ಕರಗಲು ಎಷ್ಟು ಹೊತ್ತಾಯಿತೆಂದು ಬರೆದಿಟ್ಟುಕೊಳ್ಳಿರಿ. ಆ ಕಾಲ ಎರಡರಷ್ಟಾದ ದಿನ ಅದರ ಫಿಕ್ಸರ್ ಮುಗಿದಂತೆ.

ಒಂದು ಎಚ್ಚರಿಕೆಯನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಬ್ಲಿಕ್ಸಿನ ಕೆಲವು ಹನಿ ಡೆವಲಪರಿಗೆ ಬಿದ್ದರೂ ಅದು ಕೆಟ್ಟಿತು. ಹಾಲಿನ ಗಡಿಗೆಗೆ ಹುಳಿ ಬಿದ್ದಂತೆ. ಆಲಿಕೆ, ಅಳತೆಯ ಲೋಟ, ಬಿರಡೆ ಎಲ್ಲವೂ ಬೇರೆಬೇರೆಯಾಗಿರಲಿ. ಟ್ಯಾಂಕಿನ ಸುರುಳಿಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸದೆ ಎರಡನೆಯ ರೀಲನ್ನು ಏರಿಸಬೇಡಿರಿ. ಮೊದಲು ಬರಿಯ ನೀರಿನಿಂದ ಫಿಲ್ಮನ್ನು ಬೆಚ್ಚಗೆ ಮಾಡುವ ಪದ್ಧತಿಯುಳ್ಳವರು ಆ ನೀರನ್ನು ಪೂರ್ತಿಯಾಗಿ ಬಸಿಯಬೇಕು. ಸುರುಳಿಯಲ್ಲಿ ನಿಂತ ನೀರು ಪ್ರತಿ ಸಲವೂ ಡೆವಲಪರಿಗೆ ಸೇರಿ, ಎಂಟನೆಯ ರೀಲಿನ ಹೊತ್ತಿಗೆ ಅದೇ ಒಂದು ಲೆಕ್ಕವಾಗುತ್ತದೆ.

ಮೂರನೆಯ ಶೀಸೆಯ ವಿಷಯ ಹೆಚ್ಚು ಹೇಳುವುದೇನೂ ಇಲ್ಲ. ಅದರಲ್ಲಿ ಧೂಳು, ನೊರೆ ಕಂಡರೆ ಚೆಲ್ಲಿ ಹೊಸದು ಮಾಡಿಕೊಳ್ಳುವುದು. ಅದಾದ ಮೇಲೆ ನೀರಿನಲ್ಲಿ ತೊಳೆಯಬಾರದೆಂಬುದನ್ನು ಮರೆಯಬಾರದು.

ಶೀಸೆಗಳನ್ನು ಇಡುವ ಬಗೆ: ಡೆವಲಪರಿನ ಮೇಲೆ ಗಾಳಿ ನಿಲ್ಲಲು ಎಡೆಯಿರಬಾರದು. ಒಂದು ಲೀಟರಿನ ಒಂದು ಶೀಸೆಗಿಂತ ಕಾಲು ಲೀಟರಿನ ನಾಲ್ಕು ಲೇಸು. ಅರ್ಧವಾದ ಶೀಸೆಗೆ ಮಕ್ಕಳು ಆಡುವ ಗಾಜಿನ ಗೋಲಿಗಳನ್ನು ತೊಳೆದು ಹಾಕಿ ದ್ರಾವಣವನ್ನು ಕಂಠಕ್ಕೆ ಏರಿಸುವುದು ಹಳೆಯ ಛಾಯಾಗ್ರಾಹಕರ ಉಪಾಯ; ಈಗಲೂ ಒಳ್ಳೆಯದೇ. ಕೆಲವರು ಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನು ಹಿಸುಕಿ ಗಾಳಿ ತೆಗೆದು ಬಳಸುತ್ತಾರೆ. ಗಾಳಿ ಹೋಗುವುದು ನಿಜ. ಆದರೆ ಮಕ್ಕಳಿರುವ ಮನೆಯಲ್ಲಿ ಶರಬತ್ತಿನ ಬಾಟಲಿಯಲ್ಲಿ ವಿಷವನ್ನಿಡುವುದನ್ನು ನಾವು ಒಪ್ಪುವುದಿಲ್ಲ. ಅಡಿಗೆಮನೆಯ ಲೋಟ, ಸೌಟುಗಳೂ ಈ ಕೆಲಸಕ್ಕೆ ಬರಕೂಡದು. ಒಮ್ಮೆ ಬಂದದ್ದು ತಿರುಗಿ ಅಡಿಗೆಮನೆಗೆ ಹೋಗಕೂಡದು. ಸಿಡಿ-೪ ಕೆಲವರ ಚರ್ಮಕ್ಕೆ ಒಗ್ಗದೆ ತುರಿ, ಗಂಧೆಗಳೇಳುವುದರಿಂದ ಕೈಗವಸು ಹಾಕಿಕೊಳ್ಳಬೇಕು. ಇಂದು ಏನೂ ಆಗದವರಿಗೆ ಹತ್ತನೆಯ ಸಲ ಆಗುವುದುಂಟು.

ಬಳಸಿ ಮುಗಿದ ಬ್ಲಿಕ್ಸಿನಲ್ಲಿ ನಿಮ್ಮ ರೀಲುಗಳ ಬೆಳ್ಳಿಯೆಲ್ಲ ಇದೆ. ಅದನ್ನು ಹೂವಿನ ಗಿಡಕ್ಕಾಗಲಿ ಬಾವಿಯ ಬಳಿಯ ಹಿತ್ತಿಲಿಗಾಗಲಿ ಸುರಿಯಬಾರದು. ಒಂದು ಡಬ್ಬದಲ್ಲಿ ಕೂಡಿಟ್ಟು, ದೊಡ್ಡ ಊರುಗಳಲ್ಲಿ ಹಳೆಯ ಫಿಕ್ಸರಿನಿಂದ ಬೆಳ್ಳಿ ತೆಗೆಯುವವರಿದ್ದರೆ ಅವರಿಗೆ ಕೊಡುವುದು ಉತ್ತಮ. ಅದರಿಂದ ಬರುವ ಹಣ ಹೇಳಿಕೊಳ್ಳುವಷ್ಟಲ್ಲವೆಂದು ಮೊದಲೇ ತಿಳಿಸಿಬಿಡುತ್ತೇವೆ.

ಇಪ್ಪತ್ತು ರೀಲು ತೊಳೆದ ಮಿತ್ರರ ವಿಷಯ ಉಳಿಯಿತು. ಅವರು ಸುಳ್ಳು ಹೇಳಿರಲಾರರು. ಇಪ್ಪತ್ತನೆಯ ರೀಲಿನಲ್ಲಿಯೂ ಏನೋ ಒಂದು ಚಿತ್ರ ಬರುತ್ತದೆ. ಸ್ಕ್ಯಾನರು ಅದನ್ನು ತಿದ್ದಿ ತೀಡಿ ನೋಡುವಂತೆ ಮಾಡುತ್ತದೆ. ಸಂಜೆಯ ಆಕಾಶವೋ ಬಸ್ ನಿಲ್ದಾಣವೋ ಆಗಿದ್ದರೆ ಅದರ ಬಣ್ಣ ಹೀಗಿರಲಿಲ್ಲವೆಂದು ಯಾರು ಸಾಕ್ಷಿ ಹೇಳುತ್ತಾರೆ? ಅವರಿಂದ ಮೊದಲನೆಯ ರೀಲಿನದೊಂದು, ಇಪ್ಪತ್ತನೆಯದೊಂದು, ಎರಡು ನೆಗೆಟಿವುಗಳನ್ನು ಕೇಳಿ ಪಡೆದು, ಕಿಟಕಿಯ ಬೆಳಕಿಗೆ ಜತೆಯಾಗಿ ಹಿಡಿದು ನೋಡಿರೆಂದು ತುಮಕೂರಿನ ವಾಚಕರಿಗೆ ಬರೆದಿದ್ದೇವೆ. ಅವರ ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇವೆ.